ಧೈರ್ಯಕ್ಕೆ ಒಂದು ಪೆಗ್ ಬೇಕಾಗದ ಹಾಗೆ: ಪ್ರಾಂಶುಪಾಲರಿಗೆ, ಹಾಸ್ಟೆಲ್ ವಾರ್ಡನ್‌ಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಹೊಸ ಬ್ಯಾಚ್ ಬರುವ ಹೊತ್ತಾಯಿತು. ಸಿಇಟಿ ಸೀಟು ಹಂಚಿಕೆ ಮುಗಿದ ಕೂಡಲೇ ಹಾವೇರಿ, ರಾಯಚೂರು, ಚಳ್ಳಕೆರೆ, ಚಾಮರಾಜನಗರದ ಕಡೆಯ ಹುಡುಗ ಹುಡುಗಿಯರು ಬಕೆಟ್ಟು, ಹಾಸಿಗೆ, ಅಮ್ಮ ಕಟ್ಟಿಕೊಟ್ಟ ಚಟ್ನಿಪುಡಿ ಡಬ್ಬಿ ಹಿಡಿದು ನಿಮ್ಮ ಹಾಸ್ಟೆಲ್‌ಗಳಿಗೆ ಬರುತ್ತಾರೆ. ಅವರ ಕೈಗೆ ಕೊಡಲು ನಿಯಮಗಳ ಒಂದು ಹಾಳೆ ನಿಮ್ಮ ಬಳಿ ಸಿದ್ಧವಾಗಿರುತ್ತದೆ. ಕುಡಿದು ಸಿಕ್ಕಿಬಿದ್ದರೆ ಹಾಸ್ಟೆಲ್‌ನಿಂದ ಹೊರಕ್ಕೆ ಅನ್ನುವ ಸಾಲು ಅದರಲ್ಲಿ ಇದ್ದೇ ಇರುತ್ತದೆ. ಆ ಸಾಲು ಇರಲಿ, ನನ್ನ ತಕರಾರಿಲ್ಲ. ಆದರೆ ಹದಿನೆಂಟರ ಹುಡುಗ ಯಾಕೆ ಕುಡಿಯಲು ಶುರು ಮಾಡುತ್ತಾನೆ, ಅದಕ್ಕೆ ಕಾಲೇಜು ಏನು ಮಾಡುತ್ತದೆ? ಆ ಹಾಳೆಯಲ್ಲಿ ಇದಕ್ಕೆ ಉತ್ತರ ಇಲ್ಲ. ಅದನ್ನು ಕೇಳಲೆಂದೇ ಈ ಪತ್ರ.

ನಾನು ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿ ಓದುತ್ತಿದ್ದೇನೆ. ಹಾವೇರಿ ಜಿಲ್ಲೆಯ ಹಳ್ಳಿಯವನು, ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ. ನಾಲ್ಕು ಜನರ ಮುಂದೆ ಮಾತಾಡಬೇಕು ಅಂದರೆ ಕೈ ಬೆವರುವ, ಬಾಯಿ ಒಣಗುವ, ಹಿಂದಿನ ರಾತ್ರಿ ನಿದ್ದೆ ಬಾರದ ಹುಡುಗರಲ್ಲಿ ನಾನೂ ಒಬ್ಬ. ಈ ಭಯಕ್ಕೆ ಎಣ್ಣೆಯೇ ಔಷಧಿ ಅಂತ ಹಿಡಿದುಕೊಂಡ ಗೆಳೆಯರ ಜೊತೆ ಒಂದೇ ರೂಮಿನಲ್ಲಿ ಬದುಕಿದ್ದೇನೆ. ನನ್ನ ಕಾಲೇಜಿನ ಹೆಸರು ಇಲ್ಲಿ ಬೇಡ. ಹೆಸರು ತೆಗೆದರೆ ಈ ಪತ್ರ ರಾಜ್ಯದ ಎಷ್ಟೋ ಕಾಲೇಜುಗಳಿಗೆ ಹೊಂದುತ್ತದೆ.

ಮೊದಲು ಈ ಭಯ ಏನು ಅನ್ನುವುದನ್ನು ಹೇಳಿಬಿಡುತ್ತೇನೆ. ಹೊಸ ಜಾಗದಲ್ಲಿ ಸಂಕೋಚ ಎಲ್ಲರಿಗೂ ಇರುತ್ತದೆ. ಎರಡು ವಾರ ಕಳೆದರೆ ಕರಗುತ್ತದೆ. ನಾನು ಹೇಳುತ್ತಿರುವುದು ಕರಗದ ಭಯದ ಬಗ್ಗೆ. ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ, ಏನೋ ತಪ್ಪು ಮಾತಾಡಿಬಿಡುತ್ತೇನೆ, ನಗುತ್ತಾರೆ ಅನ್ನುವ ಭಯ. ಅದರಿಂದ ಊಟಕ್ಕೆ ಮೆಸ್‌ಗೆ ಎಲ್ಲರೂ ಹೋಗಿ ಬಂದ ಮೇಲೆ ಹೋಗುವುದು. ಡೌಟ್ ಇದ್ದರೂ ಕೇಳದಿರುವುದು. ಅಟೆಂಡೆನ್ಸ್‌ನಲ್ಲಿ ‘ಪ್ರೆಸೆಂಟ್ ಸರ್’ ಅನ್ನಲೂ ಎದೆ ಹೊಡೆದುಕೊಳ್ಳುವುದು. ಡಾಕ್ಟರುಗಳು ಇದಕ್ಕೆ ಸೋಶಿಯಲ್ ಆಂಗ್ಸೈಟಿ ಅನ್ನುತ್ತಾರೆ. ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ಇದು ಒಂದು ಕಾಯಿಲೆಯಾಗಿ ಸೇರಿದ್ದು 1980ರಲ್ಲಿ. ಸಾಮಾನ್ಯವಾಗಿ ಹೈಸ್ಕೂಲಿನ ವಯಸ್ಸಿನಲ್ಲೇ ಶುರುವಾಗುತ್ತದೆ. ಅಂದರೆ ನಿಮ್ಮ ಗೇಟಿಗೆ ಬರುವಾಗಲೇ ಹುಡುಗ ಇದನ್ನು ವರ್ಷಗಳಿಂದ ಹೊತ್ತುಕೊಂಡಿರುತ್ತಾನೆ. ಮನೆಯವರು ಅದನ್ನೇ ‘ನಮ್ಮ ಹುಡುಗ ಭಾಳ ಸಂಭಾವಿತ, ಮಾತೇ ಆಡಲ್ಲ’ ಅಂತ ಹೊಗಳಿರುತ್ತಾರೆ.

ನಾವು ಬೆಳೆದ ರೀತಿಯೂ ಹಾಗೇ ಇದೆ. ಹೈಸ್ಕೂಲಿನಲ್ಲಿ ಮೇಷ್ಟ್ರು ಇಲ್ಲದಾಗ ಮಾತಾಡಿದವರ ಹೆಸರನ್ನು ಲೀಡರ್ ಬೋರ್ಡಿನ ಮೇಲೆ ಬರೆಯುತ್ತಿದ್ದ. ಪಿಯುಸಿ ಅಂದರೆ ಬೆಳಿಗ್ಗೆಯಿಂದ ರಾತ್ರಿವರೆಗೆ ಸಿಇಟಿ, ನೀಟ್ ಕೋಚಿಂಗ್. ಎಷ್ಟೋ ಕಡೆ ಹುಡುಗ ಹುಡುಗಿ ಮಾತಾಡಿದರೆ ಮನೆಗೆ ಫೋನ್ ಹೋಗುತ್ತದೆ. ಮನೆಯಲ್ಲಿ ದೊಡ್ಡವರ ಎದುರು ಬಾಯಿ ತೆರೆಯುವ ಹಾಗಿಲ್ಲ. ಹೀಗೆ ಹನ್ನೆರಡು ವರ್ಷ ಸುಮ್ಮನಿರಲು ಕಲಿತವನನ್ನು ಒಂದು ಬೆಳಿಗ್ಗೆ ಸೆಮಿನಾರ್ ಹಾಲಿನಲ್ಲಿ ಮೈಕ್ ಮುಂದೆ ನಿಲ್ಲಿಸಿ, ನಿನ್ನ ಪರಿಚಯ ಹೇಳು ಅನ್ನುತ್ತೀರಿ. ಅದೂ ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಹೇಳೋಣ ಅಂದರೆ ಉತ್ತರ ಕರ್ನಾಟಕದವರಿಗೆ ಅದೂ ಕಷ್ಟ. ನಾನು ‘ಇಲ್ರೀ ಸರ್’ ಅಂದಾಗ ಹಿಂದಿನ ಬೆಂಚು ನಕ್ಕಿದ್ದು ಕೇಳಿಸಿತ್ತು. ನಮ್ಮ ಮಾತೇ ನಗೆಗೀಡಾಗುತ್ತದೆ ಅಂತ ಒಮ್ಮೆ ತಿಳಿದ ಮೇಲೆ ಬಾಯಿ ಮುಚ್ಚಿಕೊಳ್ಳುವುದೇ ಸುಲಭ ಅನಿಸುತ್ತದೆ.

ಇಷ್ಟಾದ ಮೇಲೆ ಶನಿವಾರದ ಸಂಜೆ ಬರುತ್ತದೆ. ಸೀನಿಯರ್ ಒಬ್ಬರ ಪಿಜಿ ರೂಮು. ನೆಲದ ಮೇಲೆ ಪೇಪರ್ ಹಾಸಿ ಶೇಂಗಾ, ಖಾರ, ಚಿಪ್ಸು ಸುರಿದಿರುತ್ತಾರೆ. ‘ಫ್ರೆಶರ್ಸ್ ಪಾರ್ಟಿ, ಬಾರೋ’ ಅಂತ ಕರೆದಿರುತ್ತಾರೆ. ಕಾಲೇಜಿಗೆ ಸೇರಿದ ಮೇಲೆ ಅವನನ್ನು ಹೆಸರು ಹಿಡಿದು ಕರೆದವರು ಅವರೇ ಮೊದಲು. ಇದನ್ನು ದಯವಿಟ್ಟು ಗಮನಿಸಿ. ಒಂದು ಗ್ಲಾಸ್ ಒಳಗೆ ಹೋಗುತ್ತದೆ. ಎದೆಬಡಿತ ಇಳಿಯುತ್ತದೆ. ಕಾಲು ಗಂಟೆಯಲ್ಲಿ ಅವನು ನಗುತ್ತಿರುತ್ತಾನೆ, ಮಿಮಿಕ್ರಿ ಮಾಡುತ್ತಿರುತ್ತಾನೆ, ಇಂಗ್ಲಿಷ್ ಕೂಡ ಸರಾಗವಾಗಿ ಬರುತ್ತದೆ. ‘ಮಚ್ಚಾ, ನೀನು ಇಷ್ಟು ಮಾತಾಡ್ತೀಯಾ ಅಂತ ಗೊತ್ತೇ ಇರ್ಲಿಲ್ಲ’ ಅಂತ ಯಾರೋ ಬೆನ್ನು ತಟ್ಟುತ್ತಾರೆ. ಆ ಒಂದು ಮಾತಿಗಾಗಿ ಅವನು ಮುಂದಿನ ಶನಿವಾರವೂ ಹೋಗುತ್ತಾನೆ.

ಹಾಗಾಗಿ ಎಣ್ಣೆಯಿಂದ ಏನೂ ಆಗುವುದಿಲ್ಲ ಅಂತ ನಮಗೆ ಹೇಳಬೇಡಿ. ಆ ಸಂಜೆಯ ಮಟ್ಟಿಗೆ ಅದು ಕೆಲಸ ಮಾಡುತ್ತದೆ, ಅದು ಎಲ್ಲರಿಗೂ ಗೊತ್ತು. ಕೆಲಸ ಮಾಡುವುದರಿಂದಲೇ ಅಪಾಯ. ಮಾತಾಡಿದ್ದು ಅವನು, ನಗಿಸಿದ್ದು ಅವನು. ಆದರೆ ಮನಸ್ಸು ಅದರ ಲೆಕ್ಕವನ್ನು ಬಾಟಲಿಯ ಖಾತೆಗೆ ಬರೆದುಕೊಳ್ಳುತ್ತದೆ. ಕುಡಿಯದೆಯೂ ಇದು ನನ್ನಿಂದ ಆಗುತ್ತಿತ್ತು ಅಂತ ಕಲಿಯುವ ಅವಕಾಶ ತಪ್ಪಿಹೋಗುತ್ತದೆ. ಬ್ರಿಟನ್ನಿನ ಮನಶ್ಶಾಸ್ತ್ರಜ್ಞರಾದ ಡೇವಿಡ್ ಕ್ಲಾರ್ಕ್ ಮತ್ತು ಏಡ್ರಿಯನ್ ವೆಲ್ಸ್ 1995ರಲ್ಲಿ ಈ ಆತಂಕ ಯಾಕೆ ಉಳಿದುಕೊಳ್ಳುತ್ತದೆ ಎಂದು ವಿವರಿಸಿದಾಗ ಇದೇ ವಿಷಯವನ್ನು ಹಿಡಿದರು. ಭಯ ಇರುವವನು ತನ್ನನ್ನು ಕಾಪಾಡಿಕೊಳ್ಳಲು ಸಣ್ಣ ಸಣ್ಣ ಉಪಾಯ ಮಾಡುತ್ತಾನೆ. ಮೊಬೈಲ್ ನೋಡುತ್ತಾ ನಿಲ್ಲುವುದು, ಮೂಲೆ ಹಿಡಿಯುವುದು, ಮಾತನ್ನು ಮನಸ್ಸಿನಲ್ಲೇ ಹತ್ತು ಸಲ ಉರುಹೊಡೆಯುವುದು. ಈ ಉಪಾಯಗಳೇ ಭಯವನ್ನು ಉಳಿಸುತ್ತವೆ. ಯಾಕೆಂದರೆ ಅನಾಹುತ ಆಗದಿದ್ದಾಗಲೂ ‘ಉಪಾಯದಿಂದ ಬಚಾವಾದೆ’ ಅಂತಲೇ ಅನಿಸುತ್ತದೆ. ಕುಡಿತ ಇಂಥ ಉಪಾಯಗಳಲ್ಲೇ ಎಲ್ಲಕ್ಕಿಂತ ಬಲವಾದದ್ದು.

ಇನ್ನೊಂದು ವಿಷಯ ಓದಿದಾಗ ನನಗೆ ತುಂಬ ಸಮಾಧಾನ ಆಗಿತ್ತು. 1977ರಲ್ಲಿ ಅಮೆರಿಕದಲ್ಲಿ ಟೆರೆನ್ಸ್ ವಿಲ್ಸನ್ ಮತ್ತು ಡೇವಿಡ್ ಏಬ್ರಮ್ಸ್ ಒಂದು ಪ್ರಯೋಗ ಮಾಡಿದರು. ಯುವಕರಿಗೆ ಗ್ಲಾಸ್ ಕೊಟ್ಟು, ಆಮೇಲೆ ಪರಿಚಯವಿಲ್ಲದ ಯುವತಿಯ ಜೊತೆ ಮಾತಾಡಿಸಿದರು. ಕೆಲವರ ಗ್ಲಾಸಿನಲ್ಲಿ ವೋಡ್ಕಾ ಇತ್ತು, ಕೆಲವರದ್ದರಲ್ಲಿ ಬರೀ ಟಾನಿಕ್ ವಾಟರ್. ಕುಡಿದದ್ದು ಮದ್ಯ ಅಂತ ನಂಬಿದವರ ಎದೆಬಡಿತ ಕಡಿಮೆ ಏರಿತು. ಗ್ಲಾಸಿನಲ್ಲಿ ನಿಜವಾಗಿ ಏನಿತ್ತು ಅನ್ನುವುದರಿಂದ ವ್ಯತ್ಯಾಸ ಆಗಲಿಲ್ಲ. ಧೈರ್ಯ ಬಂದದ್ದು ನಂಬಿಕೆಯಿಂದ. ಎಲ್ಲರಲ್ಲೂ, ಎಲ್ಲ ಸಂದರ್ಭದಲ್ಲೂ ಹೀಗೇ ಅಂತ ನಾನು ಹೇಳುತ್ತಿಲ್ಲ. ಮದ್ಯಕ್ಕೆ ಅದರದೇ ಪರಿಣಾಮ ಇದ್ದೇ ಇದೆ. ಆದರೆ ಬಾಟಲಿಯ ಖಾತೆಗೆ ಬರೆದ ಎಷ್ಟೋ ಧೈರ್ಯ ಮೊದಲಿಂದಲೂ ನಮ್ಮದೇ ಅನ್ನುವುದು ದೊಡ್ಡ ವಿಷಯ ಅಲ್ವಾ?

ಮರುದಿನದ ಕಥೆಯನ್ನು ಪಾರ್ಟಿಯಲ್ಲಿ ಯಾರೂ ಹೇಳುವುದಿಲ್ಲ. ಮದ್ಯ ಮೆದುಳನ್ನು ಶಾಂತಗೊಳಿಸುವ ರಾಸಾಯನಿಕದ ಕೆಲಸವನ್ನು ಹೆಚ್ಚಿಸಿ, ಎಚ್ಚರಗೊಳಿಸುವ ರಾಸಾಯನಿಕವನ್ನು ತಗ್ಗಿಸುತ್ತದೆ. ಮೆದುಳು ಸುಮ್ಮನೆ ಕೂರುವುದಿಲ್ಲ, ಸಮತೋಲನಕ್ಕೆಂದು ಎದುರು ದಿಕ್ಕಿಗೆ ತಳ್ಳುತ್ತದೆ. ನಶೆ ಇಳಿದಾಗ ಆ ತಳ್ಳಾಟ ಮಾತ್ರ ಉಳಿದುಕೊಳ್ಳುತ್ತದೆ. ನಸುಕಿನಲ್ಲೇ ಎಚ್ಚರ, ಎದೆ ಡವಡವ, ಕೈ ಸಣ್ಣಗೆ ನಡುಕ. ಮೇಲೆ ‘ನಿನ್ನೆ ಏನೇನು ಮಾತಾಡಿಬಿಟ್ಟೆ’ ಅನ್ನುವ ನಾಚಿಕೆ. ಸಾಮಾನ್ಯ ಹುಡುಗನಿಗೆ ಇದು ಬರೀ ಹ್ಯಾಂಗೋವರ್. ಮೊದಲೇ ಆತಂಕ ಇರುವವನಿಗೆ ಇದು ಸೋಮವಾರದ ಕ್ಲಾಸಿಗೆ ಹೋಗದಿರಲು ಕಾರಣ. ಆತಂಕ ಮತ್ತು ಕುಡಿತ ಎರಡೂ ಇರುವವರಲ್ಲಿ ಬಹುಪಾಲು ಆತಂಕವೇ ಮೊದಲು ಬಂದಿರುತ್ತದೆ, ಕುಡಿತ ಆಮೇಲೆ.

ನನ್ನ ರೂಮ್‌ಮೇಟ್ ಒಬ್ಬನ ಬಗ್ಗೆ ಹೇಳಬೇಕು. ಅವನನ್ನು ಕೇಳಿಯೇ ಬರೆಯುತ್ತಿದ್ದೇನೆ. ಓದಿನಲ್ಲಿ ನಮ್ಮೆಲ್ಲರಿಗಿಂತ ಜಾಣ. ಇಂಟರ್ನಲ್ಸ್‌ನಲ್ಲಿ ಬರೆಯುವುದೆಲ್ಲ ಚೆನ್ನಾಗಿ ಬರೆಯುತ್ತಿದ್ದ, ವೈವಾ, ಅಂದರೆ ಮೌಖಿಕ ಪರೀಕ್ಷೆ ಬಂದರೆ ನಾಲಗೆ ಕಟ್ಟುತ್ತಿತ್ತು. ಮೊದಲು ಶನಿವಾರ ಮಾತ್ರ ಕುಡಿಯುತ್ತಿದ್ದ. ಆಮೇಲೆ ಸೆಮಿನಾರಿನ ಹಿಂದಿನ ರಾತ್ರಿ. ಎರಡನೇ ವರ್ಷದ ಒಂದು ಲ್ಯಾಬ್ ಪರೀಕ್ಷೆಗೆ ಬೆಳಿಗ್ಗೆಯೇ ಒಂದು ಟೆಟ್ರಾ ಪ್ಯಾಕ್ ಕುಡಿದು, ಬಾಯಿಗೆ ಸೋಂಪು ಹಾಕಿಕೊಂಡು ಹೋದ. ವಾಸನೆ ಗೊತ್ತಾಯಿತು. ಸಸ್ಪೆಂಡ್ ಮಾಡಿದರು. ಅವನ ಅಪ್ಪ ರಾತ್ರಿ ಬಸ್ ಹಿಡಿದು ಬಂದು, ಆಫೀಸಿನ ಹೊರಗೆ ಚಪ್ಪಲಿ ಬಿಟ್ಟು ಒಳಗೆ ಹೋಗಿ ಕೈಮುಗಿದು ನಿಂತರು. ಅಂದು ಆ ಕೋಣೆಯಲ್ಲಿ ಓದಿದವರು ಹಲವರಿದ್ದರು. ಮೋಜಿಗೆ ಕುಡಿಯುವವನು ಬೆಳಿಗ್ಗೆ ವೈವಾಕ್ಕೆ ಯಾಕೆ ಕುಡಿದು ಬರುತ್ತಾನೆ ಅಂತ ಒಬ್ಬರೂ ಕೇಳಲಿಲ್ಲ.

ಆ ಪ್ರಶ್ನೆ ಕೇಳಿದ್ದು ಅವನ ಊರಿನ ಜಿಲ್ಲಾಸ್ಪತ್ರೆಯ ಮನೋವೈದ್ಯರು. ಕುಡಿತಕ್ಕೆ ಅಂತ ಹೋದವನಿಗೆ ಅದರ ಹಿಂದಿದ್ದ ಭಯಕ್ಕೂ ಚಿಕಿತ್ಸೆ ಸಿಕ್ಕಿತು. ಒಂದು ವರ್ಷ ಹೋಯಿತು, ಹುಡುಗ ಉಳಿದ. ಜಿಲ್ಲೆಗಳಲ್ಲಿ ಇಂಥ ವ್ಯವಸ್ಥೆ ಇರುವುದಕ್ಕೆ ನಮ್ಮ ರಾಜ್ಯವೇ ದಾರಿ ತೋರಿಸಿದ್ದು. ನಿಮ್ಹಾನ್ಸ್‌ನವರು 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿ ನೋಡಿದ ಪ್ರಯೋಗವೇ 1996ರಲ್ಲಿ ದೇಶಕ್ಕೆಲ್ಲ ಬಂದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿ. ಹಾಗಿದ್ದೂ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ ಕಂಡದ್ದು ಏನು? ಬೇರೆ ಬೇರೆ ಮಾನಸಿಕ ತೊಂದರೆಗಳಲ್ಲಿ ಶೇ 70ರಿಂದ 92ರಷ್ಟು ಜನ ಚಿಕಿತ್ಸೆಯೇ ಪಡೆದಿರಲಿಲ್ಲ. ವ್ಯವಸ್ಥೆ ಇರುವ ಕಡೆಗೂ ಹುಡುಗರು ಹೋಗುತ್ತಿಲ್ಲ. ಕಳಿಸಬೇಕಾದವರು ಕಳಿಸುತ್ತಿಲ್ಲ.

ಇಲ್ಲಿ ಸ್ವಲ್ಪ ಹೊತ್ತು ನಿಮ್ಮನ್ನು ಬಿಟ್ಟು, ಹೊಸದಾಗಿ ಬರುವ ತಮ್ಮಂದಿರ, ತಂಗಿಯರ ಜೊತೆ ಮಾತಾಡುತ್ತೇನೆ. ನೀವೂ ಕೇಳಿಸಿಕೊಳ್ಳಿ.

ತಮ್ಮಾ, ತಂಗೀ, ನಿನ್ನನ್ನು ಜನ ನೀನು ಅಂದುಕೊಂಡಷ್ಟು ನೋಡುತ್ತಿಲ್ಲ. ಇದು ಸಮಾಧಾನಕ್ಕೆ ಹೇಳುವ ಮಾತಲ್ಲ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಥಾಮಸ್ ಗಿಲೊವಿಚ್ ಮತ್ತು ಅವರ ಜೊತೆಗಾರರು ಇದನ್ನು ಅಳೆದು ನೋಡಿ 2000ದಲ್ಲಿ ಪ್ರಕಟಿಸಿದರು. ಹಾಕಿಕೊಳ್ಳಲು ಮುಜುಗರ ಆಗುವಂಥ ಟೀ ಶರ್ಟ್ ತೊಡಿಸಿ, ಒಬ್ಬೊಬ್ಬ ವಿದ್ಯಾರ್ಥಿಯನ್ನು ಜನ ಕೂತಿದ್ದ ಕೋಣೆಗೆ ಕಳಿಸಿದರು. ಶರ್ಟಿನ ಮೇಲೆ ಯಾರ ಚಿತ್ರ ಇದೆ ಅಂತ ಸುಮಾರು ಅರ್ಧದಷ್ಟು ಜನ ಗಮನಿಸಿರುತ್ತಾರೆ ಅಂತ ತೊಟ್ಟವರು ಅಂದಾಜು ಮಾಡಿದರು. ನಿಜವಾಗಿ ಗಮನಿಸಿದ್ದು ಕಾಲು ಭಾಗದಷ್ಟು ಜನ ಮಾತ್ರ. 2018ರಲ್ಲಿ ಎರಿಕಾ ಬೂತ್‌ಬಿ ಮತ್ತು ಅವರ ಜೊತೆಗಾರರು ಇನ್ನೊಂದು ಅಧ್ಯಯನ ಪ್ರಕಟಿಸಿದರು. ಹೊಸಬರ ಜೊತೆ ಮಾತಾಡಿ ಎದ್ದು ಬಂದವರು, ಎದುರಿನವರಿಗೆ ನಾನು ಅಷ್ಟೇನೂ ಇಷ್ಟ ಆಗಲಿಲ್ಲ ಅಂದುಕೊಳ್ಳುತ್ತಾರೆ. ಎದುರಿನವರನ್ನು ಕೇಳಿದರೆ ಅವರಿಗೆ ಅದಕ್ಕಿಂತ ಜಾಸ್ತಿ ಇಷ್ಟ ಆಗಿರುತ್ತದೆ. ಹಾಸ್ಟೆಲ್‌ನಲ್ಲಿ ಒಟ್ಟಿಗೆ ಇರುವ ಮೊದಲ ವರ್ಷದವರಲ್ಲೂ ಇದು ತಿಂಗಳುಗಟ್ಟಲೆ ಹೀಗೇ ಇತ್ತು. ನಿನ್ನ ರೂಮ್‌ಮೇಟ್ ಕೂಡ ಈಗ ಇದೇ ಯೋಚನೆಯಲ್ಲಿ ಮಂಚದ ಮೇಲೆ ಕೂತಿರಬಹುದು.

ಭಯ ಹೋದ ಮೇಲೆ ಮಾತಾಡುತ್ತೇನೆ ಅಂತ ಕಾಯಬೇಡ. ಭಯ ಇರುವಾಗಲೇ ಸಣ್ಣದೊಂದು ಮಾತಾಡು, ಆಮೇಲೆ ಭಯ ಇಳಿಯುತ್ತದೆ. ಅತಿ ಸುಲಭದ್ದರಿಂದ ಶುರು ಮಾಡು. ಜೆರಾಕ್ಸ್ ಅಂಗಡಿಯವರಿಗೆ ಫೋನ್ ತೋರಿಸುವ ಬದಲು ಬಾಯಿಬಿಟ್ಟು ಎಷ್ಟು ಕಾಪಿ ಬೇಕು ಅಂತ ಹೇಳು. ಮೆಸ್‌ನಲ್ಲಿ ಒಬ್ಬನೇ ಕೂತಿರುವವನ ಎದುರು ತಟ್ಟೆ ಇಟ್ಟು ‘ಯಾವ ಊರು?’ ಅಂತ ಕೇಳು. ಕ್ಲಾಸ್ ಮುಗಿದ ಮೇಲೆ ಹೊರಗೆ ನಿಂತು ಒಂದು ಡೌಟ್ ಕೇಳು. ಅದು ರೂಢಿಯಾದ ಮೇಲೆ ಕ್ಲಾಸಿನ ಒಳಗೇ ಕೇಳು. ಒಂದೇ ಮೆಟ್ಟಿಲನ್ನು ಬೇಸರ ಬರುವವರೆಗೂ ಹತ್ತು, ಆಮೇಲೆ ಮುಂದಿನದು. ಹೋಗುವ ಮೊದಲು ಒಂದು ಚೀಟಿಯಲ್ಲಿ ‘ಏನಾಗಬಹುದು’ ಅಂತ ಬರೆದುಕೋ. ಬಂದ ಮೇಲೆ ಏನಾಯಿತು ಅಂತ ಅದರ ಕೆಳಗೇ ಬರೆ. ‘ಎಲ್ಲರೂ ನಗುತ್ತಾರೆ’ ಅಂತ ಬರೆದ ಚೀಟಿಗಳ ಕೆಳಗೆ ‘ಸರ್ ಉತ್ತರ ಹೇಳಿದರು, ಅಷ್ಟೇ’ ಅಂತ ಬರೆಯುತ್ತಾ ಹೋದಾಗ ಮನಸ್ಸಿಗೆ ಬುದ್ಧಿವಾದ ಬೇಕಾಗುವುದಿಲ್ಲ. ಮಾತಾಡುವಾಗ ನಿನ್ನ ಧ್ವನಿ ನಡುಗುತ್ತಿದೆಯಾ, ಮುಖ ಕೆಂಪಾಗಿದೆಯಾ ಅಂತ ಒಳಗೆ ನೋಡಿಕೊಳ್ಳಬೇಡ. ಎದುರಿನವರು ಏನು ಹೇಳುತ್ತಿದ್ದಾರೆ, ಯಾವ ಬಣ್ಣದ ಅಂಗಿ ಹಾಕಿದ್ದಾರೆ, ಹೊರಗೆ ನೋಡು. ನಿನಗೆ ಒಳಗೆ ಕೇಳುವಷ್ಟು ಜೋರಾದ ಎದೆಬಡಿತ ಹೊರಗೆ ಯಾರಿಗೂ ಕಾಣುವುದಿಲ್ಲ.

ಪಾರ್ಟಿಗೆ ಹೋಗಲೇಬೇಡ ಅಂತ ನಾನು ಹೇಳುವುದಿಲ್ಲ. ರೂಮಿನಲ್ಲೇ ಕೂತರೆ ಭಯ ಇನ್ನೂ ಬೆಳೆಯುತ್ತದೆ. ಹೋಗುವುದಾದರೆ ಬೇಗ ಹೋಗು, ನಾಲ್ಕೇ ಜನ ಇರುವಾಗ. ನಲವತ್ತು ಜನ ಸೇರಿದ ಮೇಲೆ ಒಳಗೆ ಕಾಲಿಡುವುದು ಕಷ್ಟ. ಒಂದು ಕೆಲಸ ಹಿಡಿದುಕೋ. ತಟ್ಟೆ ಜೋಡಿಸು, ಹಾಡು ಹಾಕು, ಫೋಟೊ ತೆಗೆ. ಕೆಲಸ ಇರುವವನಿಗೆ ಮಾತು ತಾನಾಗಿ ಬರುತ್ತದೆ. ಕೈಯಲ್ಲಿ ಒಂದು ಗ್ಲಾಸ್ ಸ್ಪ್ರೈಟೋ ನಿಂಬೆ ಸೋಡಾನೋ ಇರಲಿ, ಪದೇ ಪದೇ ಯಾರೂ ಕೇಳುವುದಿಲ್ಲ. ಕೇಳಿದರೆ ‘ಬೇಡ ಅಣ್ಣ, ನಂಗಾಗಲ್ಲ’ ಅಂದರೆ ಸಾಕು. ಕಾರಣ ಹೇಳಲು ಹೋಗಬೇಡ. ಹೇಳಿದ ಪ್ರತಿ ಕಾರಣಕ್ಕೂ ಅವರ ಬಳಿ ಒಂದು ಉತ್ತರ ಇರುತ್ತದೆ, ಬರೀ ‘ಬೇಡ’ಕ್ಕೆ ಉತ್ತರ ಇಲ್ಲ. ಕುಡಿಯದ ಇನ್ನೊಬ್ಬ ಗೆಳೆಯನನ್ನು ಮೊದಲೇ ಗುರುತು ಮಾಡಿಕೋ, ಪ್ರತಿ ಬ್ಯಾಚಿನಲ್ಲೂ ಇರುತ್ತಾರೆ. ಸಾಕು ಅನಿಸಿದಾಗ ಎದ್ದು ಬಾ. ಬಂದ ಮೇಲೆ ರಾತ್ರಿಯೆಲ್ಲ ಆ ಸಂಜೆಯ ಮಾತುಗಳನ್ನು ತಿರುವಿ ಹಾಕುತ್ತಾ ಕೂರಬೇಡ. ಇದು ಈ ಆತಂಕದ ಹಳೆಯ ಚಾಳಿ. ಎದ್ದು ಮುಖ ತೊಳೆ, ಮನೆಗೆ ಫೋನ್ ಮಾಡು, ಮಲಗು.

ಇಷ್ಟು ಮಾಡಿಯೂ ತಿಂಗಳುಗಟ್ಟಲೆ ಕ್ಲಾಸು, ಊಟ, ಪರೀಕ್ಷೆ ತಪ್ಪುತ್ತಿದ್ದರೆ ಅದು ನಿನ್ನ ಸೋಲಲ್ಲ, ಡಾಕ್ಟರ ಕೆಲಸ. 14416ಕ್ಕೆ ಫೋನ್ ಮಾಡು. ಅದು ಟೆಲಿ ಮಾನಸ್, 2022ರ ಅಕ್ಟೋಬರ್ 10ರಂದು ಶುರುವಾದ ಸರ್ಕಾರದ ಉಚಿತ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಈ ಭಯಕ್ಕೆ ಸಿಬಿಟಿ ಅನ್ನುವ ಮಾತಿನ ಚಿಕಿತ್ಸೆ ಇದೆ. ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿ 2013ರಲ್ಲೇ ಇದನ್ನು ದೊಡ್ಡವರಿಗೆ ಮೊದಲ ಚಿಕಿತ್ಸೆ ಅಂತ ಹೇಳಿದೆ. ಬೇಕಾದವರಿಗೆ ಮಾತ್ರೆಯೂ ಇದೆ. ಅದು ಕೆಲಸ ಮಾಡಲು ಕೆಲವು ವಾರ ಹಿಡಿಯುತ್ತದೆ, ತಾಳ್ಮೆ ಬೇಕು. ಗೆಳೆಯರ ಬಳಿ ಇರುವ ನಿದ್ದೆ ಮಾತ್ರೆ, ಆಲ್ಪ್ರಜೋಲಮ್ ಇಂಥದ್ದನ್ನು ಕೇಳಿ ನುಂಗಬೇಡ. ಎಣ್ಣೆಯ ಜೊತೆ ಸೇರಿದರೆ ಉಸಿರೇ ನಿಲ್ಲಬಹುದು. ಮತ್ತೆ, ಈಗಾಗಲೇ ದಿನಾ ಜಾಸ್ತಿ ಕುಡಿಯುತ್ತಿದ್ದರೆ ಒಂದೇ ದಿನಕ್ಕೆ ನಿಲ್ಲಿಸುವ ಹಟ ಬೇಡ. ಫಿಟ್ಸ್ ಬರುವ ಅಪಾಯ ಇದೆ. ಡಾಕ್ಟರನ್ನು ಕೇಳಿಯೇ ಬಿಡು.

ಮಾನ್ಯರೇ, ಈಗ ನಿಮ್ಮ ಪಾಲಿನದು.

2025ರ ಜುಲೈ 25ರಂದು ಸುಪ್ರೀಂ ಕೋರ್ಟ್ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯಕ್ಕಾಗಿ 15 ಮಾರ್ಗಸೂಚಿಗಳನ್ನು ಕೊಟ್ಟಿದೆ. 100 ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಪ್ರತಿ ಸಂಸ್ಥೆಯಲ್ಲೂ ಕನಿಷ್ಠ ಒಬ್ಬ ಅರ್ಹ ಕೌನ್ಸೆಲರ್, ಸೈಕಾಲಜಿಸ್ಟ್ ಅಥವಾ ಸೋಶಿಯಲ್ ವರ್ಕರ್ ಇರಬೇಕು. ಟೆಲಿ ಮಾನಸ್ ನಂಬರನ್ನು ಹಾಸ್ಟೆಲ್, ಕ್ಲಾಸ್ ರೂಮುಗಳಲ್ಲಿ ಎದ್ದು ಕಾಣುವ ಹಾಗೆ ಹಾಕಬೇಕು. ಕಾನೂನು ಬರುವವರೆಗೂ ಇದನ್ನು ಪಾಲಿಸಲೇಬೇಕು. ನಾನು ಕಂಡ ‘ಕೌನ್ಸೆಲಿಂಗ್ ಸೆಲ್’ ಹೇಗಿದೆ ಗೊತ್ತೇ? ಪ್ರಾಂಶುಪಾಲರ ಆಫೀಸಿನ ಪಕ್ಕದ ಗಾಜಿನ ಬಾಗಿಲಿನ ಕೋಣೆ. ಒಳಗೆ ಕೂರುವವರು ನಮಗೇ ಇಂಟರ್ನಲ್ಸ್ ಮಾರ್ಕ್ಸ್ ಹಾಕುವ ಲೆಕ್ಚರರ್. ಜನ ನೋಡುತ್ತಾರೆ ಅನ್ನುವುದೇ ಯಾರ ಕಾಯಿಲೆಯೋ, ಅವರನ್ನು ಇಡೀ ಕಾರಿಡಾರ್ ಎದುರು ಆ ಬಾಗಿಲು ತೆರೆದು ಹೋಗು ಅನ್ನುವುದು ಹೇಗೆ? ಮಾರ್ಕ್ಸ್‌ಗೂ ಶಿಸ್ತು ಸಮಿತಿಗೂ ಸಂಬಂಧವೇ ಇಲ್ಲದ, ಕಲಿತು ಬಂದ ಕೌನ್ಸೆಲರ್ ಬೇಕು. ಲೈಬ್ರರಿಯ ಹಿಂದೆಯೋ ಹೆಲ್ತ್ ಸೆಂಟರ್‌ನಲ್ಲೋ ಕೋಣೆ ಕೊಡಿ. ಮೆಸೇಜ್ ಮಾಡಿ ಸಮಯ ಕೇಳುವ ಹಾಗಿರಲಿ. ಕನ್ನಡ ಬರುವವರಾಗಿರಲಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಚಿಕಿತ್ಸೆಯ ವಿಷಯ ಗುಟ್ಟಾಗಿಡುವ ಹಕ್ಕನ್ನು ಕೊಟ್ಟಿದೆ. ಅದನ್ನು ಮೊದಲ ದಿನವೇ ಮಕ್ಕಳಿಗೆ ಬಾಯಿಬಿಟ್ಟು ಹೇಳಿ.

ಇಂಡಕ್ಷನ್, ಅಂದರೆ ಹೊಸಬರಿಗೆ ಕಾಲೇಜನ್ನು ಪರಿಚಯಿಸುವ ಮೊದಲ ದಿನಗಳ ಬಗ್ಗೆ. ಎಂಜಿನಿಯರಿಂಗ್ ಕಾಲೇಜುಗಳಿಗೆ ತಾಂತ್ರಿಕ ಶಿಕ್ಷಣ ಮಂಡಳಿಯಾದ ಎಐಸಿಟಿಇ ಮೂರು ವಾರದ ಇಂಡಕ್ಷನ್ ಹೇಳಿದೆ. ಉಳಿದ ಕಾಲೇಜುಗಳಿಗೆ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2019ರಲ್ಲಿ ‘ದೀಕ್ಷಾರಂಭ’ ಅಂತ ಕೈಪಿಡಿ ಕೊಟ್ಟಿದೆ. ಆ ದಿನಗಳು ಎಷ್ಟೋ ಕಡೆ ಗಣ್ಯರ ಭಾಷಣ, ಪಿಪಿಟಿ, ಶಾಲು ಹಾರಗಳಲ್ಲಿ ಕಳೆದುಹೋಗುತ್ತವೆ. ನೂರಾರು ಜನರ ಮುಂದೆ ಮೈಕ್ ಕೊಡುವ ಬದಲು ಆರು ಆರು ಜನರ ಗುಂಪು ಮಾಡಿ, ಮೂರು ವಾರವೂ ಅದೇ ಗುಂಪು ಇರಲಿ. ಒಬ್ಬೊಬ್ಬರು ಪಕ್ಕದವರನ್ನು ಪರಿಚಯಿಸಲಿ, ತನ್ನನ್ನಲ್ಲ. ಯಾವ ಭಾಷೆಯಲ್ಲಾದರೂ ಹೇಳಲಿ. ನಮ್ಮ ತಾಂತ್ರಿಕ ವಿಶ್ವವಿದ್ಯಾಲಯ ವಿಟಿಯುನಲ್ಲಿ ‘ಸಾಂಸ್ಕೃತಿಕ ಕನ್ನಡ’ ಅನ್ನುವ ವಿಷಯ ಇದ್ದೇ ಇದೆ. ಅದನ್ನು ಪರೀಕ್ಷೆಯ ಹಿಂದಿನ ದಿನ ಓದಿ ಪಾಸಾಗುವ ವಿಷಯ ಮಾಡಬೇಡಿ. ವಾರಕ್ಕೆ ನಾಲ್ಕೈದು ಮಂದಿ, ಎರಡೆರಡು ನಿಮಿಷ, ಅವರವರ ಊರಿನ ಮಾತಿನಲ್ಲೇ ಏನಾದರೂ ಹೇಳಲಿ. ಕಲಬುರಗಿಯ ಮಾತು, ಕುಂದಾಪುರದ ಮಾತು, ಚಾಮರಾಜನಗರದ ಮಾತು ಒಂದೇ ಕ್ಲಾಸಿನಲ್ಲಿ ಕೇಳಿದರೆ ಯಾರ ಮಾತಿಗೂ ನಗು ಬರುವುದಿಲ್ಲ. ಕನ್ನಡದಲ್ಲಿ ನಿಂತು ಮಾತಾಡಲು ಕಲಿತವನು ಇಂಗ್ಲಿಷಿನಲ್ಲಿ ನಿಲ್ಲುವುದು ಆಮೇಲೆ ಅಷ್ಟು ದೊಡ್ಡದಲ್ಲ.

ನನಗೆ ನಿಜವಾಗಿ ಸಹಾಯ ಆಗಿದ್ದು ಎನ್‌ಎಸ್‌ಎಸ್ (ರಾಷ್ಟ್ರೀಯ ಸೇವಾ ಯೋಜನೆ) ಶಿಬಿರ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಏಳು ದಿನ ಒಂದು ಹಳ್ಳಿಯ ಶಾಲೆಯಲ್ಲಿ ಉಳಿಯುತ್ತೇವೆ. ಬೆಳಿಗ್ಗೆ ಚರಂಡಿ ಸ್ವಚ್ಛ ಮಾಡುವುದು, ಗಿಡ ನೆಡುವುದು. ಮಧ್ಯಾಹ್ನ ಮನೆಮನೆಗೆ ಹೋಗಿ ಸಮೀಕ್ಷೆ. ಸಂಜೆ ಅಡುಗೆ. ಗುದ್ದಲಿ ಹಿಡಿದವನಿಗೆ ಮಾತಾಡಬೇಕು ಅನ್ನುವ ಒತ್ತಡವೇ ಇಲ್ಲ. ‘ಆ ಬುಟ್ಟಿ ಕೊಡು’ ಅನ್ನುವುದರಿಂದ ಶುರುವಾಗಿ, ಈರುಳ್ಳಿ ಹೆಚ್ಚುವಷ್ಟರಲ್ಲಿ ಮನೆ ವಿಷಯದವರೆಗೆ ಬಂದಿರುತ್ತದೆ. ಸಮೀಕ್ಷೆಗೆ ಹೋದಾಗ ಕೇಳಬೇಕಾದ ಪ್ರಶ್ನೆ ಕೈಯಲ್ಲೇ ಬರೆದಿರುತ್ತದೆ. ಕೊನೆಯ ದಿನಗಳಲ್ಲಿ ಊರಿನವರ ಮುಂದೆ ನಾಟಕ. ಅಲ್ಲಿ ನಾನು ದಾರಿಹೋಕನ ಪಾತ್ರ ಮಾಡಿದೆ. ಆ ಶಿಬಿರದಲ್ಲಿ ಯಾರೂ ಕುಡಿಯಲಿಲ್ಲ, ಯಾರಿಗೂ ಅದರ ನೆನಪೂ ಆಗಲಿಲ್ಲ. 1969ರಿಂದ ಇರುವ ಯೋಜನೆ ಇದು. ಇದಕ್ಕೆ ಎಷ್ಟೋ ಕಡೆ ಮಾತುಗಾರ ಹುಡುಗರನ್ನೇ ಆರಿಸಿ ಕಳಿಸುತ್ತೀರಿ. ಮಾತಾಡದವರನ್ನು ಕಳಿಸಿ. ರಂಗತಂಡಕ್ಕೆ ಲೈಟು, ಪರದೆ ಹಿಡಿಯಲು ಜನ ಬೇಕು, ಕಾಲೇಜು ಫೆಸ್ಟಿಗೆ ರಿಜಿಸ್ಟ್ರೇಷನ್ ಟೇಬಲ್‌ಗೆ ಜನ ಬೇಕು. ಆ ಜಾಗಗಳನ್ನು ಮೊದಲ ವರ್ಷದವರಿಗೆ ಬಿಡಿ. ಶನಿವಾರ ಸಂಜೆ ಕ್ಯಾಂಪಸ್ಸಿನಲ್ಲಿ ಏನಾದರೂ ನಡೆಯುತ್ತಿರಲಿ. ಕೇರಂ ಬೋರ್ಡಾದರೂ ಸರಿ. ಆರು ಗಂಟೆಗೆ ಎಲ್ಲಕ್ಕೂ ಬೀಗ ಹಾಕಿದರೆ ತೆರೆದಿರುವುದು ಹೊರಗಿನ ಆ ಪಿಜಿ ರೂಮು ಒಂದೇ.

ಸೀನಿಯರ್‌ಗಳ ವಿಷಯದಲ್ಲಿ ಮಾತ್ರ ಸಡಿಲ ಬಿಡಬೇಡಿ. ಯುಜಿಸಿಯ 2009ರ ನಿಯಮದ ಪ್ರಕಾರ, ಒಬ್ಬ ವಿದ್ಯಾರ್ಥಿ ಸಾಮಾನ್ಯವಾಗಿ ಮಾಡದ ಕೆಲಸವನ್ನು ಮಾಡು ಅಂತ ಹೇಳಿ ಅವನಿಗೆ ಅವಮಾನ, ಮುಜುಗರ ಮಾಡುವುದೂ ರ‍್ಯಾಗಿಂಗ್. ‘ಒಂದು ಸಿಪ್ ಕುಡಿ, ಇಲ್ಲಾಂದ್ರೆ ನೀನು ಗಂಡಸೇ ಅಲ್ಲ’ ಅನ್ನುವುದು ಅದರೊಳಗೆ ಬರುತ್ತದೆ. ನಮ್ಮ ರಾಜ್ಯದ ಅಬಕಾರಿ ನಿಯಮದಲ್ಲಿ 21 ತುಂಬದವರಿಗೆ ಮದ್ಯ ಮಾರುವ ಹಾಗೂ ಇಲ್ಲ. 2023ರಲ್ಲಿ ಅದನ್ನು 18ಕ್ಕೆ ಇಳಿಸುವ ಕರಡು ಬಂದು, ಜನ ವಿರೋಧಿಸಿದ ಮೇಲೆ ಸರ್ಕಾರ ಕೈಬಿಟ್ಟಿತು. ರ‍್ಯಾಗಿಂಗ್ ಸಹಾಯವಾಣಿ 1800-180-5522. ಇದನ್ನೂ ಗೋಡೆಗೆ ಅಂಟಿಸಿ.

ಆದರೆ ಕುಡಿದು ಬಿದ್ದವನ ಗೆಳೆಯ ವಾರ್ಡನ್ ಬಾಗಿಲು ಬಡಿದರೆ, ಆ ರಾತ್ರಿ ಶಿಕ್ಷೆಯ ಮಾತು ಬೇಡ. ಭಯದಿಂದ ಗೆಳೆಯನನ್ನು ಹೊದಿಕೆ ಹೊದಿಸಿ ಮಲಗಿಸಿ, ಬೆಳಗಾಗಲಿ ಅಂತ ಕಾಯುವ ಹುಡುಗರನ್ನು ನಾನು ನೋಡಿದ್ದೇನೆ. ವಾಂತಿ ಗಂಟಲಿಗೆ ಸಿಕ್ಕಿ ಪ್ರಾಣ ಹೋಗಲು ಬೆಳಗಾಗಬೇಕಿಲ್ಲ. ಮೇಲೆ ಹೇಳಿದ ಕಾರ್ನೆಲ್ ವಿಶ್ವವಿದ್ಯಾಲಯವೇ 2002ರಲ್ಲಿ, ಇಂಥ ಹೊತ್ತಿನಲ್ಲಿ ಸಹಾಯಕ್ಕೆ ಕರೆದವರಿಗೂ ಬಿದ್ದವರಿಗೂ ಶಿಸ್ತುಕ್ರಮ ಇಲ್ಲ ಅನ್ನುವ ನಿಯಮ ತಂದಿತು. ಸಹಾಯಕ್ಕೆ ಬರುವ ಕರೆಗಳು ಹೆಚ್ಚಾದವು. ಒಂದು ಪಕ್ಕಕ್ಕೆ ಹೊರಳಿಸಿ ಮಲಗಿಸುವುದು, ಒಬ್ಬನನ್ನೇ ಬಿಡದಿರುವುದು, 108ಕ್ಕೆ ಕರೆ ಮಾಡುವುದು. ಇಷ್ಟನ್ನು ಪ್ರತಿ ಹಾಸ್ಟೆಲ್‌ನಲ್ಲೂ ಕಲಿಸಬಹುದು. ಮರುದಿನ ಆ ಹುಡುಗನನ್ನು ಶಿಸ್ತು ಸಮಿತಿಗಿಂತ ಮೊದಲು ಕೌನ್ಸೆಲರ್ ಬಳಿ ಕಳಿಸಿ. ಹುಡುಗಿಯರ ವಿಷಯದಲ್ಲಿ ಇದು ಇನ್ನೂ ಮುಖ್ಯ. ಅವರು ಕುಡಿದದ್ದು ಗೊತ್ತಾದರೆ ಮನೆಯವರು ಓದೇ ಬಿಡಿಸುತ್ತಾರೆ ಅನ್ನುವ ಭಯಕ್ಕೆ ಯಾರ ಬಾಗಿಲನ್ನೂ ಬಡಿಯುವುದಿಲ್ಲ.

ಹೊಸ ಬ್ಯಾಚ್ ಬರುವ ಮೊದಲು ಮಾಡಬಹುದಾದದ್ದು ಇಷ್ಟು. ಮೆಸ್ ಬಾಗಿಲಿಗೆ, ಪ್ರತಿ ಮಹಡಿಯ ನೀರಿನ ಫಿಲ್ಟರ್ ಪಕ್ಕಕ್ಕೆ ಆ ನಂಬರುಗಳನ್ನು ಕನ್ನಡದಲ್ಲಿ ದೊಡ್ಡದಾಗಿ ಅಂಟಿಸಿ. ಗಾಜಿನ ಬಾಗಿಲಿನ ಆ ಕೋಣೆಯನ್ನು ಬೇರೆ ಕಡೆ ಹಾಕಿ. ನಿಯಮಗಳ ಹಾಳೆಗೆ ಒಂದು ಸಾಲು ಸೇರಿಸಿ: ಸಹಾಯ ಕೇಳಿ ಬಂದವರಿಗೆ ಶಿಕ್ಷೆ ಇಲ್ಲ. ಇಂಡಕ್ಷನ್‌ಗೆ ಆರು ಜನರ ಗುಂಪು ಮಾಡುವುದಾದರೆ ಪ್ರತಿ ಗುಂಪಿಗೂ ಒಬ್ಬ ಸೀನಿಯರ್ ಬೇಕಾಗುತ್ತದೆ. ನಮ್ಮ ಬ್ಯಾಚಿನಲ್ಲಿ ಈ ಕೆಲಸಕ್ಕೆ ಬರುತ್ತೇವೆ ಅಂತ ಒಪ್ಪಿದವರು ಇದ್ದಾರೆ. ವರ್ಷ ಕಳೆದುಕೊಂಡು ವಾಪಸ್ ಬಂದ ನನ್ನ ರೂಮ್‌ಮೇಟ್ ಕೂಡ ಬರುತ್ತೇನೆ ಅಂದಿದ್ದಾನೆ. ದಿನಾಂಕ ತಿಳಿಸಿ.

ಇಂತಿ,
ಎಂಜಿನಿಯರಿಂಗ್ ಕೊನೆಯ ವರ್ಷದ ಒಬ್ಬ ವಿದ್ಯಾರ್ಥಿ